ತಕ್ಕಡಿ ತಾಯವ್ವನ ಎಂಟು ಕಂತುಗಳು

ಜೂನ್ 9, ಸೋಮವಾರ

ಎರಡನೇ ಪಿಯುಸಿಯವರಿಗೆ ಸಮಾಸ ಹೇಳಿಕೊಡುತ್ತಿದ್ದಾಗ ಪರ್ಸಿನೊಳಗೆ ಫೋನು ಮೂರು ಸಲ ನಡುಗಿತು. ಬಿಡುವಿನಲ್ಲಿ ನೋಡಿದರೆ ಬೆಂಗಳೂರಿನ ನಂಬರು. ವಿಶ್ವಾಸ ಅಂತ ಹೆಸರು. ಯಾವುದೋ ಟೀವಿ ಕಂಪನಿಗೆ ಕ್ರಿಯೇಟಿವ್ ಹೆಡ್ ಅಂತೆ, ಅಂದರೆ ಸೃಜನಶೀಲ ತಲೆ. ಉಳಿದ ಅಂಗಾಂಗಗಳು ಬೇರೆ ಬೇರೆ ಇಲಾಖೆಗಳಲ್ಲಿರಬೇಕು.

“ಮೇಡಂ, ನೀವು ಲೆಜೆಂಡ್. ತಕ್ಕಡಿ ತಾಯವ್ವ ಓದಿ ನಮ್ಮ ಇಡೀ ಟೀಮು ಅತ್ತುಬಿಡ್ತು.”

ತಾಯವ್ವ ನಗಿಸುವ ಕಾಮಿಕ್ಸು. ಅತ್ತಿದ್ದಾರೆಂದರೆ ಓದಿಲ್ಲವೆಂದು ಅರ್ಥ. ಆದರೂ ಖುಷಿಯಾಯಿತು. ನಲವತ್ತೆಂಟನೇ ವಯಸ್ಸಿನಲ್ಲಿ ನಮಗಾಗಿ ಯಾರಾದರೂ ಸುಳ್ಳುಸುಳ್ಳೇ ಅತ್ತರೂ ಬೇಡವೆನ್ನಲಾಗುವುದಿಲ್ಲ.

ಅವರಿಗೆ ಸೂಪರ್‌ಹೀರೋ ಧಾರಾವಾಹಿ ಬೇಕಂತೆ. ಎಂಟು ಕಂತು. ನಮ್ಮ ಮಣ್ಣಿನ ಸೂಪರ್‌ಹೀರೋ. ‘ಮಣ್ಣು’ ಎಂಬ ಮಾತನ್ನು ಆತ ಐದು ಸಲ ಆಡಿದ. ಐದೂ ಸಲ ಹಿನ್ನೆಲೆಯಲ್ಲಿ ಎಸಿ ಗುಂಯ್‌ಗುಡುತ್ತಿತ್ತು. ತಾಯವ್ವ ಯಾರೆಂದು ನಾಲ್ಕು ಸಾಲು ಕಳಿಸಿ ಅಂದ. ಕಾಲೇಜಿರುವ ಕಮಲಾಪುರದಿಂದ ಕಲಬುರಗಿಯ ಮನೆಗೆ ಬರುವಾಗ ಬಸ್ಸಿನಲ್ಲಿ ಬರೆದದ್ದನ್ನು ಇಲ್ಲಿಯೂ ಇಡುತ್ತೇನೆ:

‘ತಾಯವ್ವನ ಊರು ಕಮಲಾಪುರ. ಕೆಲಸ ನಂದೂರಿನ ಬೇಳೆ ಮಿಲ್ಲಿನಲ್ಲಿ, ತಕ್ಕಡಿಯ ಹತ್ತಿರ. ವಯಸ್ಸು ನಲವತ್ತೈದು. ಅವಳ ಎದುರು ಸುಳ್ಳು ಹೇಳಿದವರು ಹಗುರಾಗುತ್ತಾರೆ. ಸುಳ್ಳು ದೊಡ್ಡದಾದಷ್ಟೂ ಹಗುರ. ಆಗ ಅವಳು ಹೊಡೆಯದೆ ಬಡಿಯದೆ ಅವರನ್ನು ಒಂದೇ ಕೈಯಲ್ಲಿ ಎತ್ತಿ, ನೀರಿನ ಟ್ಯಾಂಕಿನ ಮೇಲೋ ಬೇವಿನ ಮರದ ತುದಿಗೋ ಕೂರಿಸಿ ಮನೆಗೆ ಹೋಗಿ ರೊಟ್ಟಿ ಬಡಿಯುತ್ತಾಳೆ. ಇಳಿಯಬೇಕೆಂದರೆ ಅವರು ನಿಜ ಹೇಳಬೇಕು. 1998ರಿಂದ 2003ರವರೆಗೆ ಕಲಬುರಗಿಯ ‘ಕಾಗಿಣಾ’ ವಾರಪತ್ರಿಕೆಯಲ್ಲಿ ಪ್ರತಿ ಸೋಮವಾರ ಬಂದಳು. ಆಮೇಲೆ ಪುಸ್ತಕವಾದಳು.’

ಫೋನಿಡುವ ಮುನ್ನ ವಿಶ್ವಾಸ ಕೇಳಿದ್ದ, “ಚಿತ್ರಗಳೂ ನಿಮ್ಮದೇ ಅಲ್ವಾ ಮೇಡಂ? ಆ ಲೈನ್ಸ್, ವಾವ್!”

“ಪುಸ್ತಕದ ಮೇಲೆ ಹಾಗೇ ಇದೆಯಲ್ಲ,” ಎಂದೆ. ಅದೇನೂ ಸುಳ್ಳಲ್ಲ. ಪುಸ್ತಕದ ಮೇಲೆ ‘ಕಥೆ-ಚಿತ್ರ: ಸುಜಾತಾ ಮಾಪಣ್ಣ’ ಎಂದೇ ಇದೆ. ಚಿತ್ರ ಗೆಳತಿ ನಜ್ಮಾಳದ್ದು. ಅವಳ ಮನೆಯಲ್ಲಿ ಹೆಸರು ಹಾಕುವುದು ಬೇಡವಾಗಿತ್ತು. ಹಳೆಯ ಮಾತು. ಪರಿಚಯವಿಲ್ಲದವನಿಗೆ ಮೊದಲ ಫೋನಿನಲ್ಲೇ ಅಷ್ಟೆಲ್ಲ ಬಿಚ್ಚಲಾಗುತ್ತದೆಯೇ?

ಅವ್ವನಿಗೆ ಹೇಳಿದೆ. ಅವ್ವ ಕಸ್ತೂರಿಬಾಯಿ ಇಪ್ಪತ್ತಾರು ವರ್ಷ ನಂದೂರಿನ ಮಿಲ್ಲಿನಲ್ಲಿ ಬೇಳೆ ಹಸನು ಮಾಡಿದವಳು. ತಾಯವ್ವನ ಮುಖ ಅವಳದ್ದೇ.

“ನನ್ನ ಮಾರಿ ಟೀವ್ಯಾಗ ಬರ್ತದಂದ್ರ ಮದ್ಲ ಹಲ್ಲು ಕಟ್ಟಿಸಿಕೊಡು,” ಅಂದಳು. ಆಮೇಲೆ, “ನಜ್ಮಾಗ ಹೇಳಿದ್ಯೋ ಇಲ್ಲೋ?”

“ಹೇಳ್ತೀನವ್ವ.”

ಜೂನ್ 15, ಭಾನುವಾರ

ಸ್ಟೇಶನ್ ಬಜಾರದ ಹೋಟೆಲ್ಲೊಂದರ ಮೊದಲ ಮಹಡಿಯಲ್ಲಿ ವಿಶ್ವಾಸನ ದರ್ಶನವಾಯಿತು. ಜೊತೆಗೆ ಶೀಲಾ, ಸಂಭಾಷಣೆ ಬರೆಯುವವಳು. ಮೂವತ್ತರ ಹುಡುಗಿ, ಮಾತು ಕಡಿಮೆ, ಎಲ್ಲವನ್ನೂ ಟಿಪ್ಪಣಿ ಮಾಡಿಕೊಳ್ಳುತ್ತಾಳೆ. ವಿಶ್ವಾಸ ಹೊರಗಿನ ಬಿಸಿಲನ್ನು ‘ವೈಬ್’ ಎಂದು ಕರೆದ. ಹನ್ನೊಂದು ಗಂಟೆಗೆ ಆಟೋ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತಿದ್ದರೆ ಬೇರೆ ಹೆಸರು ಹೊಳೆಯುತ್ತಿತ್ತು.

ಗೋಡೆಗೆ ಬಿಳಿ ಹಾಳೆ ಅಂಟಿಸಿ, ತಾಯವ್ವನಲ್ಲಿ ಬದಲಾಯಿಸಬೇಕಾದ್ದನ್ನು ಪಟ್ಟಿ ಮಾಡಿದರು. ಬದಲಾಯಿಸಬಾರದ್ದನ್ನು ಪಟ್ಟಿ ಮಾಡಿದ್ದರೆ ಹಾಳೆ ಉಳಿಯುತ್ತಿತ್ತು.

“ಮೇಡಂ, ಏಜ್. ನಲವತ್ತೈದು ಅಂದ್ರೆ ಆಡಿಯನ್ಸ್ ಕನೆಕ್ಟ್ ಆಗಲ್ಲ.”

“ನಲವತ್ತೈದು ದಾಟಿದವರು ಟೀವಿ ನೋಡುವುದಿಲ್ಲವೇ?”

“ನೋಡ್ತಾರೆ. ಆದ್ರೆ ಇಪ್ಪತ್ನಾಲ್ಕರವರನ್ನ ನೋಡ್ತಾರೆ.”

ನಾನು ನಲವತ್ತಕ್ಕೆ ಹಿಡಿದೆ. ಅವರು ಇಪ್ಪತ್ನಾಲ್ಕು ಬಿಡಲಿಲ್ಲ. ಇಪ್ಪತ್ತೆಂಟಕ್ಕೆ ತೀರ್ಮಾನವಾಯಿತು. ಎಳೆದಾಡಿದ ರೀತಿ ನೋಡಿದರೆ ನಾನು ತರಕಾರಿ ಮಾರುಕಟ್ಟೆಯಲ್ಲೂ ಹೀಗೆ ನಿಂತವಳಲ್ಲ.

ಆಮೇಲೆ ತಕ್ಕಡಿ. ಹೊಸ ಪೀಳಿಗೆಗೆ ತಕ್ಕಡಿ ಗೊತ್ತಿಲ್ಲವಂತೆ, ಮುಂಗೈಗೆ ಬೆಳಕು ಬರುವ ಪಟ್ಟಿ ಕಟ್ಟೋಣವೆಂದರು. ಆಮೇಲೆ ಶಕ್ತಿಯ ಮೂಲ.

“ಪವರ್ ಎಲ್ಲಿಂದ ಬಂತು ಮೇಡಂ? ಕಾಮಿಕ್ಸಲ್ಲಿ ಇಲ್ಲ.”

“ಎಲ್ಲಿಂದಲೂ ಬರಲಿಲ್ಲ. ಒಂದು ದಿನ ಕೂಲಿಗಳ ಮೇಲಿನ ಮುಕಾದಮ ‘ಚೀಲದ ತೂಕ ಬರೋಬ್ಬರಿ ಅದ’ ಅಂದ. ಅಷ್ಟರಲ್ಲಿ ಅವನ ಕಾಲು ನೆಲ ಬಿಟ್ಟಿತು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಉಲ್ಕೆ ಬಿದ್ರೆ ಹೇಗೆ?” ಎಂದ ವಿಶ್ವಾಸ. “ರಾತ್ರಿ. ತೊಗರಿ ಹೊಲ. ಧಡ್! ಹಸಿರು ಬೆಳಕು.”

ಉಲ್ಕೆಗೆ ನಾನು ಒಪ್ಪಲಿಲ್ಲ. ಒಂದು ಗೆರೆ ಎಳೆಯಲೇಬೇಕು. ಬೇಳೆ ಮಿಲ್ಲಿನ ಹೆಂಗಸಿಗೆ ಆಕಾಶದಿಂದ ಏನೂ ಬಿದ್ದಿಲ್ಲ, ಅದೇ ಕಥೆ ಎಂದೆ. ಶೀಲಾ ಅದನ್ನು ಬರೆದುಕೊಂಡು ಕೆಳಗೆ ಎರಡು ಗೀಟು ಎಳೆದಳು.

ಜೂನ್ 24, ಮಂಗಳವಾರ

ಕಂಪ್ಯೂಟರಿನಲ್ಲಿ ಸಭೆ. ಒಂದೊಂದು ಡಬ್ಬಿಯಲ್ಲಿ ಒಂದೊಂದು ತಲೆ, ಒಟ್ಟು ಒಂಬತ್ತು. ಸಂತೆಯಲ್ಲಿ ಕುಂಬಳಕಾಯಿ ಜೋಡಿಸಿದ ಹಾಗೆ. ಎಂಟು ತಲೆಗಳು ಉಲ್ಕೆಯ ಪರ. ಯೋಚಿಸಿದರೆ ಉಲ್ಕೆಯಲ್ಲೂ ಒಂದು ಕಾವ್ಯವಿದೆ. ಆಕಾಶವೂ ಒಂದು ತಕ್ಕಡಿಯೇ ಎಂಬಂತೆ ಬಿಡಿಸಿ ಹೇಳಬಹುದು. ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಶೀಲಾ ಒಬ್ಬಳನ್ನು ಬಿಟ್ಟು. ಅವಳ ಮೈಕು ಬಂದ್ ಆಗಿತ್ತೋ ಏನೋ.

ತಾಯವ್ವನಿಗೆ ಈಗ ಒಂದು ಗ್ರಾಫ್ ಇದೆ. ಮೊದಲ ಕಂತಿನಲ್ಲಿ ಕೆಳಗೆ, ನಾಲ್ಕನೆಯದರಲ್ಲಿ ಮೇಲೆ, ಏಳರಲ್ಲಿ ಮತ್ತೆ ಕೆಳಗೆ. ನನ್ನ ಪಾತ್ರ ಇಷ್ಟು ಬೆಳೆದದ್ದು ನೋಡಿ ಸಂತೋಷ.

ಗ್ರಾಫಿನ ಪಕ್ಕದಲ್ಲಿ ಅವರು ಬರೆಸಿದ ಇಪ್ಪತ್ತೆಂಟರ ಹುಡುಗಿಯ ಚಿತ್ರವಿತ್ತು. ಅವ್ವ ಹಿಂದಿನಿಂದ ಬಗ್ಗಿ ನೋಡಿದಳು. “ಈ ಹುಡುಗಿ ಯಾರ?”

“ತಾಯವ್ವ.”

“ಇಕೀಗಿ ಒಂದ್ ಮೊರ ಕೊಟ್ಟು ಬ್ಯಾಳಿ ಕೇರಂತ ಹೇಳು, ನೋಡೋಣ,” ಎಂದು ಒಳಗೆ ಹೋದಳು.

ಜುಲೈ 3, ಗುರುವಾರ

ಒಪ್ಪಂದದ ಕರಡು ಬಂತು. ನಲವತ್ತೊಂದು ಪುಟ. ನಾಲ್ಕನೇ ಪುಟದಲ್ಲಿ ನನ್ನನ್ನು ‘ಪಾತ್ರದ ಏಕೈಕ ಸೃಷ್ಟಿಕರ್ತೆ’ ಎಂದು ಕರೆದಿದ್ದಾರೆ. ಸೃಷ್ಟಿಕರ್ತೆ! ವಚನ ಓದುತ್ತ ಬೆಳೆದ ನಾಲಿಗೆಗೆ ಈ ಶಬ್ದ ಸ್ವಲ್ಪ ಉಪ್ಪುಪ್ಪಾಗಿ ಹತ್ತಿತು. ನುಂಗಿದೆ.

ಆಮೇಲೆ ವಿಶ್ವಾಸನ ಫೋನು. ಪ್ರಚಾರಕ್ಕೆ ಒಂದು ವಿಡಿಯೋ ಮಾಡುತ್ತಾರಂತೆ. ಕಮಲಾಪುರದ ಕೆಂಪು ಬಾಳೆಯ ತೋಟ, ಇಳಿಬಿಸಿಲು, ನಡುವೆ ಒಂದು ಹಲಗೆ, ಹಲಗೆಯ ಮುಂದೆ ನಾನು.

“ನೀವು ಲೈವ್ ಆಗಿ ತಾಯವ್ವನ ಸ್ಕೆಚ್ ಮಾಡ್ತೀರಿ ಮೇಡಂ. ಬರೀ ಕೈ ಕ್ಲೋಸಪ್. ಆ ಕೈಯಿಂದ ಸೂಪರ್‌ಹೀರೋ ಹುಟ್ಟುತ್ತೆ. ಗೂಸ್‌ಬಂಪ್ಸ್!”

“ಯಾವಾಗ?”

“ಇಪ್ಪತ್ತೇಳಕ್ಕೆ.”

“ಆಗಲಿ,” ಎಂದೆ.

ನನಗೆ ಆನೆ ಬಿಡಿಸಲು ಬರುವುದಿಲ್ಲ. ಆನೆ ಬಿಡಿ, ಹಲಗೆಯ ಮೇಲೆ ನಾನೆಳೆದ ಅಡಿಗೆರೆ ನೋಡಿ ಮಕ್ಕಳು ಅದು ಯಾವ ಛಂದಸ್ಸೆಂದು ಕೇಳುತ್ತಾರೆ.

ಜುಲೈ 10, ಗುರುವಾರ

ಹನ್ನೊಂದು ವರ್ಷದಿಂದ ಕಮಲಾಪುರದಲ್ಲಿ ಪಾಠ ಮಾಡುತ್ತಿದ್ದೇನೆ. ಬಸ್‌ಸ್ಟ್ಯಾಂಡಿನಿಂದ ಬಲಕ್ಕೆ ಹೋದರೆ ಕಾಲೇಜು, ಎಡಕ್ಕೆ ಎರಡನೇ ಓಣಿಯಲ್ಲಿ ನಜ್ಮಾಳ ಮನೆ. ಮದುವೆಯಾಗಿ ಬಂದಾಗಿನಿಂದ ಅವಳು ಅಲ್ಲೇ ಇದ್ದಾಳೆ. ಆ ಕಡೆ ನಾನು ಹೋಗಿದ್ದು ಮೂರೋ ನಾಲ್ಕೋ ಸಲ. ಆ ಓಣಿಯಲ್ಲಿ ನೆರಳಿಲ್ಲ.

ಇವತ್ತು ಎಡಕ್ಕೆ ಹೋದೆ. ಹಳೆಯ ಗೆಳೆತನವನ್ನು ನವೀಕರಿಸುವುದು ಒಳ್ಳೆಯದೇ ಅಲ್ಲವೆ?

ಅವಳು ಕಿಟಕಿಯ ಕೆಳಗೆ ಚಾಪೆ ಹಾಸಿಕೊಂಡು ಕಪ್ಪೆಯ ಜೀರ್ಣಾಂಗ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಮೂವತ್ತು ರೆಕಾರ್ಡ್ ಪುಸ್ತಕಗಳ ಗುಡ್ಡೆ. ಸುತ್ತಲಿನ ಕಾಲೇಜುಗಳ ವಿಜ್ಞಾನದ ಮಕ್ಕಳೆಲ್ಲ ರೆಕಾರ್ಡನ್ನು ಇವಳ ಕೈಯಲ್ಲೇ ಬರೆಸುತ್ತಾರೆ. ಮೇಲಿನ ಪುಸ್ತಕದ ಮೇಲೆ ನಮ್ಮ ಕಾಲೇಜಿನ ಹೆಸರಿತ್ತು. ನಮ್ಮ ಜೀವಶಾಸ್ತ್ರದ ಮೇಷ್ಟ್ರು ಪ್ರತಿ ವರ್ಷ ‘ವೆರಿ ಗುಡ್’ ಎಂದು ಸಹಿ ಹಾಕುವುದು ಇವಳ ಕಪ್ಪೆಗೇ.

“ಅರೆ, ಮೇಡಂ ಅವರು! ದಾರಿ ತಪ್ಪಿತೇನು?”

“ನೆನಪಾತು, ಬಂದೆ.”

“ಹನ್ನೊಂದು ವರ್ಷಕ್ಕ ನೆನಪಾತು. ಇರ್ಲಿ, ಭಾಳ ಲಗೂನ ಆತು. ಕೂಡು. ಕಪ್ಪಿ ಹೊಟ್ಟಿ ಮುಗಿಸಿ ಚಾ ಇಡ್ತೀನಿ.”

ಟೀವಿಯ ವಿಷಯ ಹೇಳಿದೆ. ಅವಳ ಪೆನ್ಸಿಲು ನಿಲ್ಲಲಿಲ್ಲ. ನನಗೊಂದಿಷ್ಟು ಚಿತ್ರ ಕಲಿಸು, ಕ್ಯಾಮೆರಾ ಮುಂದೆ ಬಿಡಿಸಬೇಕಂತೆ ಎಂದೆ. ಪೆನ್ಸಿಲು ನಿಂತಿತು.

“ಯಾವ ಚಿತ್ರ?”

“ತಾಯವ್ವಂದು.”

ಅವಳು ಬಹಳ ಹೊತ್ತು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ದುಪಟ್ಟಾದಿಂದ ಕಣ್ಣೊರೆಸಿಕೊಂಡು ಒಂದು ಖಾಲಿ ಹಾಳೆಯನ್ನು ನನ್ನ ಕಡೆ ತಳ್ಳಿದಳು.

“ನಾ ಹುಟ್ಟಿಸಿದ್ದನ್ನ ನಿನಗ ಹಡಿಯಾಕ ಕಲಸ್ಬೇಕೇನು? ಚಲೋ. ಪೆನ್ಸಿಲ್ ಹಿಡಿ. ಅಷ್ಟು ಬಿಗಿ ಅಲ್ಲ, ಅದೇನು ಓಡಿ ಹೋಗಂಗಿಲ್ಲ.”

ಜುಲೈ 13, ಭಾನುವಾರ

ಎರಡನೇ ಪಾಠ. ಮುಖ ಸುಲಭ, ಸೆರಗೂ ಹೇಗೋ ಬರುತ್ತದೆ. ಕೈ ಬರುವುದಿಲ್ಲ. ತಾಯವ್ವ ಮನುಷ್ಯರನ್ನು ಎತ್ತುವ ಕೈ ಅದು. ನಾನು ಬಿಡಿಸಿದರೆ ಒದ್ದೆ ಕಸಬರಿಗೆಯ ಹಾಗೆ ಜೋತುಬೀಳುತ್ತದೆ.

“ನಿಮ್ಮ ಅವ್ವನ ಕೈ ನೋಡಿಲ್ಲೇನು?” ಎಂದಳು ನಜ್ಮಾ. “ನಾ ಮಿಲ್ಲಿಗಿ ಹೋಗಿ ಕುಂತು ನಾಕು ದಿನ ಬರೀ ಅವರ ಕೈ ಬರದೀನಿ. ಬ್ಯಾಳಿ ಆರ್ಸಿ ಆರ್ಸಿ ಬೊಟ್ಟಿನ ತುದಿ ಚಪ್ಪಟಿ ಆಗ್ಯಾವ. ಅದು ಬರಬೇಕು.”

ಮನೆಗೆ ಬಂದು ನೋಡಿದೆ. ಹೌದು, ಚಪ್ಪಟೆ. ನಲವತ್ತೆಂಟು ವರ್ಷ ಆ ಕೈಯಿಂದ ಉಂಡಿದ್ದೇನೆ.

ನಜ್ಮಾಳ ಮಗಳು ಮದಿಹಾ ಮನೆಯಲ್ಲಿದ್ದಳು. ಇಪ್ಪತ್ಮೂರು ವರ್ಷ, ಖಾಸಗಿ ಶಾಲೆಯಲ್ಲಿ ಲೆಕ್ಕ ಕಲಿಸುತ್ತಾಳೆ. ಚಹಾ ಕೊಟ್ಟು ಅಲ್ಲೇ ನಿಂತಳು.

“ಖಾಲಾ, ಒಂದ್ ಮಾತು. ಈ ಪುಸ್ತಕದ ಮ್ಯಾಲ ಅಮ್ಮಿ ಹೆಸರು ಯಾಕಿಲ್ಲ ಅಂದ್ರ, ತಾನೇ ಅಂಜಿ ಬ್ಯಾಡಂದೆ ಅಂತಾಳ. ಖರೇನು?”

ನಾನು ಚಹಾದ ಮೇಲಿನ ಕೆನೆಯನ್ನು ನೋಡಿದೆ. ಕೆಲವು ಕೆನೆಗಳು ಬಹಳ ಗಮನ ಬೇಡುತ್ತವೆ.

“ನಾ ಆಗಿದ್ರ ಬಿಡ್ತಿರಲಿಲ್ಲ,” ಎಂದಳು ಮದಿಹಾ. “ಇಷ್ಟ್ ಚಂದ ಬರದು, ಅಂಜಿ ಮೂಲ್ಯಾಗ ಕುಂತಾಳ. ನನಗ ಅದಕ್ಕ ಸಿಟ್ಟು ಬರ್ತದ.”

ನಜ್ಮಾ ಪೆನ್ಸಿಲು ಚೂಪು ಮಾಡುತ್ತಿದ್ದಳು. ಅದು ಆಗಲೇ ಚೂಪಾಗಿತ್ತು.

ಜುಲೈ 19, ಶನಿವಾರ

ಕೈ ಬರುತ್ತಿಲ್ಲ.

ಬಸ್ಸಿನಲ್ಲಿ ಕವಿತೆ ಓದಲೂ ಆಗುತ್ತಿಲ್ಲ. ಎದುರಿನ ಸೀಟಿನ ಹೆಂಗಸರ ಬೆರಳುಗಳನ್ನೇ ನೋಡುತ್ತ ಹೋಗುತ್ತೇನೆ. ಒಬ್ಬಾಕೆ ಉಂಗುರ ಒಳಗೆ ತಿರುಗಿಸಿಕೊಂಡಳು.

ಜುಲೈ 27, ಭಾನುವಾರ

ಎಲ್ಲವನ್ನೂ ಬರೆದಿಡಬೇಕು, ಆಮೇಲೆ ನಾನೇ ಬೇರೆ ರೀತಿ ನೆನಪಿಟ್ಟುಕೊಳ್ಳುತ್ತೇನೆ.

ನಾಲ್ಕು ಗಂಟೆಗೆ ತೋಟ. ಮಳೆ ಬಂದು ಹೋಗಿತ್ತು. ಕೆಂಪು ಬಾಳೆಗೊನೆಗಳಿಗೆ ಎಣ್ಣೆ ಹಚ್ಚಿ ಹೊಳಪು ಕೊಡುತ್ತಿದ್ದರು. ಬಾಳೆ ಅದಾಗಲೇ ಕೆಂಪಗಿದೆ ಎಂದು ತೋಟದ ಮಾಲೀಕ ಹೇಳಿ ನೋಡಿದ. ಕ್ಯಾಮೆರಾದಲ್ಲಿ ಇನ್ನೂ ಕೆಂಪಗಿರಬೇಕಂತೆ. ನನಗೆ ಖಾದಿ ಸೀರೆ ಉಡಿಸಿದರು. ಲೇಖಕಿಯರು ಖಾದಿ ಉಡುತ್ತಾರೆಂಬುದು ಬೆಂಗಳೂರಿನಲ್ಲಿ ಇತ್ಯರ್ಥವಾಗಿದೆ.

ಶುರು ಎಂದರು. ಮುಖ ಬಿಡಿಸಿದೆ. ಸೆರಗು ಬಿಡಿಸಿದೆ. ಕೈ ಬಿಡಿಸಿದೆ. ಕ್ಯಾಮೆರಾ ಹತ್ತಿರ ಬಂತು. ಕ್ಯಾಮೆರಾದವನು ಅದರಿಂದ ಕಣ್ಣು ತೆಗೆದು, “ಸರ್, ಬೆರಳು ಆರಿದೆ. ಎಐ ಬಿಡಿಸಿದ ಹಾಗಿದೆ,” ಎಂದ. ಎಲ್ಲರೂ ನಕ್ಕರು. ನಾನೂ ಎಣಿಸಿದೆ. ಆರೇ.

“ಡೋಂಟ್ ವರಿ ಮೇಡಂ,” ಎಂದ ವಿಶ್ವಾಸ. “ನರ್ವಸ್ ಆಗಿದ್ದೀರಿ. ಅದೊಂದನ್ನ ಗ್ರಾಫಿಕ್ಸಲ್ಲಿ ತೆಗೆದುಬಿಡ್ತೀವಿ. ಯಾರಿಗೂ ಗೊತ್ತಾಗಲ್ಲ.”

ಅಲ್ಲಿಗೆ ಮುಗಿದಿತ್ತು. ನಾನು ಪಾರಾಗಿದ್ದೆ. ಮನೆಗೆ ಬಂದು ಕಾಲು ಚಾಚಿ ಮಲಗಬಹುದಿತ್ತು.

“ಇದು ನನ್ನ ಚಿತ್ರ ಅಲ್ಲ,” ಎಂದೆ. ಯಾಕೆಂದೆನೋ ಗೊತ್ತಿಲ್ಲ. ಸೆಖೆ ಇತ್ತು, ಮಧ್ಯಾಹ್ನ ಊಟ ಮಾಡಿರಲಿಲ್ಲ. “ತಾಯವ್ವನ ಎಲ್ಲ ಚಿತ್ರ ನನ್ನ ಗೆಳತಿಯದ್ದು. ನಜ್ಮಾ ಅಂತ. ಇಲ್ಲೇ ಇದ್ದಾಳೆ, ಹತ್ತು ನಿಮಿಷದ ದಾರಿ.”

ಸಿಟ್ಟಾಗುತ್ತಾರೆಂದುಕೊಂಡಿದ್ದೆ. ನನಗೆ ಟೀವಿಯವರು ಇನ್ನೂ ಅರ್ಥವಾಗಿಲ್ಲ. ವಿಶ್ವಾಸನ ಮುಖದಲ್ಲಿ ಸೂರ್ಯೋದಯವಾಯಿತು.

“ಮುಸ್ಲಿಂ ಗೆಳತಿ? ಹೆಸರು ಹಾಕೋಕೆ ಮನೆಯವರು ಬಿಡಲಿಲ್ಲ?”

“ಆಗ... ಹಾಗೇ,” ಎಂದೆ. ಇಪ್ಪತ್ತೆರಡು ವರ್ಷ ಹೇಳಿದ ಮಾತು, ಬಾಯಿ ತನ್ನಷ್ಟಕ್ಕೆ ಹೇಳುತ್ತದೆ.

“ಮೇಡಂ, ಇದು ಸೀರೀಸ್‌ಗಿಂತ ದೊಡ್ಡ ಸ್ಟೋರಿ! ಗಾಡಿ ತೆಗೀರೋ!”

ಮೂರು ಗಾಡಿಗಳು ಎಡಕ್ಕೆ ಎರಡನೇ ಓಣಿಗೆ ನುಗ್ಗಿದವು. ಮದಿಹಾ ಯಾವುದೋ ಮದುವೆಗೆ ಹೋಗಿದ್ದಳು. ನಜ್ಮಾ ಬಾಗಿಲು ತೆಗೆದಾಗ ಬೆರಳಿಗೆಲ್ಲ ಕಪ್ಪು ಇಂಕು. ವಿಶ್ವಾಸ ಅದನ್ನು ನೋಡಿ, “ಒರೆಸ್ಕೋಬೇಡಿ ಅಮ್ಮಾ, ಬ್ಯೂಟಿಫುಲ್,” ಎಂದ. ಬಾಗಿಲ ಚೌಕಟ್ಟಿನಲ್ಲೇ ನಿಲ್ಲಿಸಿದ. ಅರ್ಧ ಮುಖ ನೆರಳಲ್ಲಿರಲಿ ಎಂದ.

“ಅಮ್ಮಾ, ನಿಮ್ಮ ಮನೆಯವರು ನಿಮ್ಮನ್ನ ಹೇಗೆ ತಡೆದ್ರು, ನಿಮ್ಮ ಮಾತಲ್ಲೇ ಹೇಳಿ.”

“ಯಾರ್ರಿ ತಡದಾರ?” ನಜ್ಮಾ ನೆರಳಿನಿಂದ ಹೊರಗೇ ಬಂದಳು. “ನಮ್ಮ ಅಬ್ಬಾ ಸೋಮವಾರಕ್ಕೊಮ್ಮಿ ಪೇಪರ್ ಹಿಡ್ಕೊಂಡು ಚಾದಂಗಡಿಗಿ ಹೋಗ್ತಿದ್ರು, ನನ್ನ ಮಗಳು ಬರದಾಳ ನೋಡ್ರಿ ಅಂತ. ನಮ್ಮ ಮನಿಯವರು ಇವತ್ತೂ ಇಂಕ್ ತಂದ್ಕೊಡ್ತಾರ. ನನ್ನ ಮದುವಿ ಮಾತುಕತಿ ನಡದಾಗ ಆರು ತಿಂಗಳು ಹೆಸರು ಬ್ಯಾಡ ಅಂತ ನಾನೇ ಅಂದಿದ್ದೆ. ಬೀಗರು ಹ್ಯಾಂಗೋ ಏನೋ ಅಂತ. ಅವರು ನೋಡಿದ್ರ ನನಗಿಂತ ಜಾಸ್ತಿ ತಾಯವ್ವನ್ನ ಓದೋ ಮಂದಿ.”

“ಹಾಗಾದ್ರೆ ಪುಸ್ತಕದಲ್ಲಿ ಹೆಸರು ಯಾಕಿಲ್ಲ?”

ನಜ್ಮಾ ಗದ್ದದಿಂದ ನನ್ನನ್ನು ತೋರಿಸಿದಳು. “ಅಕೀನ್ನ ಕೇಳ್ರಿ.”

ಕ್ಯಾಮೆರಾ ನನ್ನ ಕಡೆ ತಿರುಗಿತು. ಆ ಗಾಜಿನೊಳಗೆ ಖಾದಿ ಉಟ್ಟ ಒಬ್ಬ ಹೆಂಗಸು ಇದ್ದಳು. “ಅದೆಲ್ಲ ಹಳೆಯ ಮಾತು,” ಎಂದಳು ಅವಳು.

ಶೀಲಾ ಟಿಪ್ಪಣಿ ಪುಸ್ತಕ ಮುಚ್ಚಿದಳು.

ಜುಲೈ 28, ಸೋಮವಾರ

ರಜೆ ಹಾಕಿದೆ. ತಲೆನೋವು ಎಂದು ಬರೆದು ಕೊಟ್ಟೆ.

ಆಗಸ್ಟ್ 4, ಸೋಮವಾರ

ಶೀಲಾ ಒಂದು ನಮೂನೆ ಕಳಿಸಿದ್ದಾಳೆ. ನಜ್ಮಾಳನ್ನು ಸಹ-ಸೃಷ್ಟಿಕರ್ತೆ ಎಂದು ಸೇರಿಸಲು ನಾನು ತುಂಬಬೇಕಾದ್ದು. ಹೆಸರು, ವಿಳಾಸ, ಯಾವ ದಿನದಿಂದ. ‘ಮೊದಲ ದಿನದಿಂದ’ ಎಂದು ಬರೆದೆ. ಕೆಳಗೆ ಇನ್ನೊಂದು ಅಂಕಣ: ‘ಈವರೆಗೆ ಹೆಸರು ನಮೂದಾಗದಿರಲು ಕಾರಣ’. ಜಾಗ ಒಂದೇ ಸಾಲು. ನಮೂನೆ ಮಾಡಿದವರಿಗೆ ಮನುಷ್ಯರ ಬಗ್ಗೆ ಗೌರವವಿದೆ, ಎಲ್ಲ ಕಾರಣಗಳೂ ಒಂದು ಸಾಲಿನಲ್ಲಿ ಹಿಡಿಸುತ್ತವೆಂದು ನಂಬಿದ್ದಾರೆ.

ವಿಶ್ವಾಸ ಫೋನು ಮಾಡಿದ.

“ಮೇಡಂ, ಸಿಂಪಲ್. ‘ಕೌಟುಂಬಿಕ ಕಾರಣ’ ಅಂತ ಬರೆದುಬಿಡಿ. ಅದು ಸೇಫ್.”

“ಅವಳು ಅದಲ್ಲ ಅಂದಳಲ್ಲ.”

“ಅದನ್ನ ಎಡಿಟ್ ಮಾಡಿದ್ದೀವಿ. ಬೇರೆ ಏನೇ ಬರೆದ್ರೂ ಲೀಗಲ್‌ಗೆ ಹೋಗುತ್ತೆ ಮೇಡಂ, ಆರು ತಿಂಗಳು. ಅಷ್ಟರಲ್ಲಿ ನಮ್ಮ ಸ್ಲಾಟ್ ಇನ್ಯಾರಿಗೋ ಹೋಗಿರುತ್ತೆ. ಎರಡು ಶಬ್ದ ಬರೆದು ಸಹಿ ಮಾಡಿಸಿ ಕಳಿಸಿ. ಆಕೆಗೂ ಹೆಸರು ಸಿಗುತ್ತೆ, ನಿಮಗೂ ಸೀರೀಸ್ ಸಿಗುತ್ತೆ.”

ಕೂತು ಕಾರಣಗಳನ್ನು ಬರೆದು ನೋಡಿದೆ. ‘ಅಂದಿನ ಸಾಮಾಜಿಕ ಸಂದರ್ಭ.’ ಭಾರವಾಗಿದೆ, ಸೆಮಿನಾರಿಗೆ ಆದೀತು. ‘ಮುದ್ರಣದ ಅನಿವಾರ್ಯತೆ.’ ಪಾಪ, ಮುದ್ರಕರಿಗೆ ಬಾಯಿಲ್ಲ. ‘ಪರಸ್ಪರ ಒಪ್ಪಿಗೆ.’ ಇದನ್ನು ಬರೆದು ಸ್ವಲ್ಪ ಹೊತ್ತು ನೋಡುತ್ತ ಕೂತೆ. ಎಷ್ಟು ಚೆಂದ ಇದೆ! ಕನ್ನಡದಲ್ಲಿ ಎಂ.ಎ. ಮಾಡಿದ್ದು ಸಾರ್ಥಕ.

2003ರ ಮಾರ್ಚ್. ಶಹಾಬಜಾರದ ಆ ಪ್ರೆಸ್ಸು, ನಮ್ಮ ಮನೆಯಿಂದ ನಾಲ್ಕನೇ ಬಾಗಿಲು. ನಜ್ಮಾ ಕಮಲಾಪುರದಿಂದ ಕಾಗದ ಬರೆದಿದ್ದಳು. ‘ಈಗ ನನ್ನ ಹೆಸರು ಹಾಕು, ಇಲ್ಲಿ ಎಲ್ಲರೂ ಪುಸ್ತಕಕ್ಕೆ ಕಾಯುತ್ತಿದ್ದಾರೆ’ ಎಂದು. ಅದನ್ನು ನಾನೇ ಪ್ರೆಸ್ಸಿಗೆ ಹೇಳಿದ್ದೆ. ಕರಡು ಬಂತು. ಮುಖಪುಟದಲ್ಲಿ ಎರಡು ಹೆಸರು. ಕಥೆ ನನ್ನದು, ಚಿತ್ರ ಅವಳದ್ದು. ಅವಳ ಹೆಸರಿನ ಪಕ್ಕದಲ್ಲಿ ತಾಯವ್ವನ ಕೈ ಬಂದಿತ್ತು, ಅದಕ್ಕೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು.

ಐದು ವರ್ಷ ಯಾರು ಸಿಕ್ಕರೂ ಒಂದೇ ಮಾತು: ಚಿತ್ರ ಏನ್ ಚಂದ ಅದಾವ್ರಿ. ಮಾತು ಚಂದ ಅದಾವ ಎಂದು ಒಬ್ಬರೂ ಅಂದಿರಲಿಲ್ಲ. ಪ್ರೆಸ್ಸಿನವನು ಕೂಡ ಕರಡು ಕೊಡುವಾಗ, “ಚಿತ್ರ ತೆಗದವರು ಬರಂಗಿಲ್ಲೇನ್ರಿ?” ಎಂದು ಕೇಳಿದ.

ನನ್ನ ಕೈಯಲ್ಲಿ ಕೆಂಪು ಪೆನ್ನಿತ್ತು. ಆಗಷ್ಟೇ ಉತ್ತರಪತ್ರಿಕೆ ತಿದ್ದಿ ಬಂದಿದ್ದೆ. ಬೇಡದ ಶಬ್ದವನ್ನು ಸುತ್ತಿ ಒಂದು ಬಾಲ ಎಳೆಯುವುದು, ತೆಗೆಯಿರಿ ಎಂದು ಅರ್ಥ. ಅವಳ ಹೆಸರಿಗೆ ಒಂದು ಸುತ್ತು, ಒಂದು ಬಾಲ. ‘ಕಥೆ’ ಎಂಬುದರ ಮುಂದೆ ‘ಚಿತ್ರ’ ಎಂದು ಸೇರಿಸಿದೆ. ಮರುವರ್ಷ ಜಿಲ್ಲೆಯ ಒಂದು ಸಂಘದವರು ಅದೇ ಚಿತ್ರಗಳಿಗಾಗಿ ನನಗೆ ಶಾಲು ಹೊದಿಸಿದರು. ಹೊದ್ದುಕೊಂಡೆ. ನಜ್ಮಾ ಒಂದು ಪ್ರತಿ ಕಳಿಸು ಎಂದಳು, ಕಳಿಸಿದೆ. ಅವಳು ಯಾಕೆಂದು ಕೇಳಲಿಲ್ಲ.

ಇದನ್ನು ಈ ದಿನಚರಿ ಪುಸ್ತಕದಲ್ಲೂ ನಾನು ಇವತ್ತಿನವರೆಗೆ ಬರೆದಿರಲಿಲ್ಲ. ನಾನೊಬ್ಬಳೇ ಓದುವ ಪುಸ್ತಕ ಇದು.

ಆಗಸ್ಟ್ 6, ಬುಧವಾರ

ಅವ್ವ ಕೇಳಿದಳು, “ಯಾಕ ಉಣವಲ್ಲಿ?”

ಹೇಳಿದೆ. ಪ್ರೆಸ್ಸು, ಕಾಗದ, ಕೆಂಪು ಪೆನ್ನು, ಎಲ್ಲ.

ಅವಳು ತಟ್ಟೆ ಸರಿಸಿ ಕೈ ತೊಳೆದುಕೊಂಡಳು. “ಆ ಹುಡುಗಿ ನಾಕು ದಿನ ನನ್ನ ಬಾಜೂಕ ಕುಂತಿತ್ತು. ಧೂಳಿಗಿ ಕೆಮ್ಮಕೋತ ಬರೀತಿತ್ತು. ನೀ ಒಂದಿನಾನೂ ಮಿಲ್ಲಿಗಿ ಬಂದಿಲ್ಲ,” ಎಂದಳು.  ಆ ರಾತ್ರಿ ಟೀವಿ ಹಚ್ಚಲಿಲ್ಲ.

ಆಗಸ್ಟ್ 10, ಭಾನುವಾರ

ನಮೂನೆ ತುಂಬಿ, ಸಹಿ ಮಾಡಿ, ಬೆಳಿಗ್ಗೆ ಎಂಟರ ಬಸ್ಸಿಗೆ ಹೋದೆ. ನಜ್ಮಾ ಅಂಗಳ ತೊಳೆಯುತ್ತಿದ್ದಳು. ಮದಿಹಾ ಒಳಗೆ ಮಕ್ಕಳ ಟೆಸ್ಟ್ ಪೇಪರು ತಿದ್ದುತ್ತಿದ್ದಳು. ನಮೂನೆ ಕೊಟ್ಟೆ. ನಜ್ಮಾ ಒದ್ದೆ ಕೈ ಒರೆಸಿಕೊಂಡು ನಿಂತಲ್ಲೇ ಓದಿದಳು. ಕೊನೆಯ ಅಂಕಣಕ್ಕೆ ಬಂದಾಗ ಮತ್ತೊಮ್ಮೆ ಓದಿದಳು. ಆಮೇಲೆ ಹಾಳೆಯನ್ನು ನನಗೇ ವಾಪಸು ಕೊಟ್ಟಳು.

“ಒಳಗ ಬಾ. ಜೋರಾಗಿ ಓದು. ಮದಿಹಾ, ಆ ಪೇಪರ್ ಬಿಟ್ಟು ಕೇಳು.”

“ನಜ್ಮಾ...”

“ಕ್ಲಾಸಿನ್ಯಾಗ ಓದ್ತೀಯಲ್ಲ, ಹಂಗ.”

ಓದಿದೆ. ಹೆಸರು, ವಿಳಾಸ, ಮೊದಲ ದಿನದಿಂದ. “ಈವರೆಗೆ ಹೆಸರು ನಮೂದಾಗದಿರಲು ಕಾರಣ,” ಎಂದು ಓದಿ ನಿಂತೆ. ತೊಳೆದ ಅಂಗಳದಿಂದ ನೀರು ಇನ್ನೂ ಗಟಾರಿಗೆ ಹರಿಯುತ್ತಿತ್ತು, ಅದರ ಸದ್ದು ಕೇಳುತ್ತಿತ್ತು. “ನಾನೇ ತೆಗೆದೆ.”

ಮದಿಹಾ ನನ್ನ ಕಡೆ ನೋಡಲೇ ಇಲ್ಲ. ತಾಯಿಯ ಕಡೆ ತಿರುಗಿದಳು.

“ಅಮ್ಮಿ, ನೀ ಅಂಜಿ ಬಿಟ್ಟೆ ಅಂದಿದ್ದಿ.”

“ಹೂಂ.”

“ಯಾಕ ಹಂಗಂದಿ? ನಾ ಇಷ್ಟ್ ದಿನ ನಿನ್ನ ಅಂಜುಬುರುಕಿ ಅಂತ ಬಯ್ಕೋತ ಬಂದೀನಿ.”

“ಗೆಳತಿ ಕದ್ದಳು ಅನ್ನೂದಕ್ಕಿಂತ ನಾ ಅಂಜಿದೆ ಅನ್ನೂದು ಸುಲಭ ಆತು ಬೇಟಾ. ಆಮ್ಯಾಲ ರೂಢಿ ಆತು.”

ಮದಿಹಾ ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಯೊಂದನ್ನು ಜೋರಾಗಿ ಇಟ್ಟ ಸದ್ದಾಯಿತು, ಮತ್ತೊಂದನ್ನೂ. ನಜ್ಮಾ ಆ ಕಡೆ ಕಿವಿಗೊಟ್ಟು ಕೂತಳು. ಮುಖದಲ್ಲಿ ಏನಿತ್ತೋ ನನಗೆ ಹೆಸರಿಡಲು ಬರಲಿಲ್ಲ. ನನ್ನ ಮೇಲಿನ ಕರುಣೆಯಂತೂ ಅಲ್ಲ.

“ಎಂ.ಎ. ಫಸ್ಟ್ ಕ್ಲಾಸು,” ಎಂದಳು ಆಮೇಲೆ. “ಎರಡು ಶಬ್ದ ಬರಿಯಾಕ ಇಪ್ಪತ್ತೆರಡು ವರ್ಷ.”

ಹಾಳೆಯನ್ನು ಅವಳ ಮುಂದೆ ಚಾಪೆಯ ಮೇಲಿಟ್ಟೆ.

“ಇದು ಕಳಸಿದ್ರ ಟೀವಿ ಹೋತು, ಹೌದಿಲ್ಲೋ?”

“ಹೋದಂಗೇ.”

“ಹೋಗ್ಲಿ. ನನಗ ಆ ಉಲ್ಕಾ ಸೇರಿರಲಿಲ್ಲ.” ರೆಕಾರ್ಡ್ ಪುಸ್ತಕದ ಗುಡ್ಡೆಯಿಂದ ಪೆನ್ನೊಂದನ್ನು ಎಳೆದುಕೊಂಡಳು. “ಎಲ್ಲಿ ಮಾಡಬೇಕು ಸಹಿ?”

ನಮೂನೆಯಲ್ಲಿ ಒಬ್ಬರಿಗೇ ಜಾಗ ಬಿಟ್ಟಿದ್ದರು, ಅಲ್ಲಿ ನಾನು ಮಾಡಿಬಿಟ್ಟಿದ್ದೆ. ನನ್ನ ಹೆಸರಿನ ಕೆಳಗೆ ಬೆರಳಿಟ್ಟು ತೋರಿಸಿದೆ.

ಅವಳು ನನ್ನ ಬೆರಳನ್ನು ನೋಡಿದಳು. ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು, ನನ್ನ ಹೆಸರಿಗಿಂತ ಮೇಲುಗಡೆ ಸಹಿ ಮಾಡಿದಳು.